ಹಳದಿ ದೀಪದ ತರಗತಿ

ಬೆಂಚಿನ ಮೇಲಿದ್ದ ಕಡಲೆಕಾಳಿನಷ್ಟು ದೀಪ ಹಳದಿಗೆ ತಿರುಗಿದ್ದನ್ನು ಕಂಡು ಸುಗಲಾ ಮಗದುಮ್ ಬರೆಯುವುದನ್ನು ನಿಲ್ಲಿಸಿದಳು. ಯಾದವಾಡ ಸರ್ ಹೇಳಿದ್ದೆಲ್ಲ ಅರ್ಥವಾಯಿತೆಂದೇ ಅವಳು ಅಂದುಕೊಂಡಿದ್ದಳು. ತಲೆಗೆ ಕಟ್ಟಿದ್ದ ತೆಳುವಾದ ಪಟ್ಟಿ ಮಾತ್ರ ಅದನ್ನು ಒಪ್ಪಲಿಲ್ಲ.

ಅದರ ಹೆಸರು ಅರಿವುಮಾಪಕ. ನರವಿಜ್ಞಾನಿ ಡಾ. ತಾರಾಮತಿ ಬೇವೂರ ಅದನ್ನು ರೂಪಿಸಿ, ಪ್ರಯೋಗಕ್ಕೆಂದು ಬೆಳಗಾವಿ ಸೀಮೆಯ ಈ ಎಂಜಿನಿಯರಿಂಗ್ ಕಾಲೇಜಿಗೆ ತಂದಿದ್ದರು. ಮೊದಲ ವರ್ಷದ ಫಲಿತಾಂಶದಲ್ಲಿ ತೀರ ಕೆಳಗುಳಿದವರಿಂದ ಶುರುಮಾಡಿ ಇಡೀ ತರಗತಿಯನ್ನು ಕರೆದಾಗ ಸುಗಲಾಳ ಹೆಸರೇ ಮೊದಲು ಬಂದಿತ್ತು. ಎರಡನೆಯ ವರ್ಷವೂ ಹೀಗೇ ಆದರೆ ಅವಳು ಕಾಲೇಜು ಬಿಡಬೇಕಿತ್ತು.

"ನಾ ದಡ್ಡಿ ಅಂತ ತೋರಿಸಾಕ ಇಷ್ಟ ದೊಡ್ಡ ಯಂತ್ರ ಯಾಕ ಬೇಕ್ರಿ ಮೇಡಂ?" ಎಂದು ಅವಳು ಅಂದೇ ಕೇಳಿದ್ದಳು.

ತಾರಾಮತಿ ನಕ್ಕಿದ್ದರು. "ನಿಮ್ಮೂರ ಬಸ್ ಸ್ಟ್ಯಾಂಡಿನ್ಯಾಗ ದಿನಾ ಒಬ್ಬರ ಮುಖಾ ನೋಡ್ತಿ. ಅವರ ಗುರುತು ಹತ್ತತೈತಿ. ಆದ್ರ ಅವರ ಹೆಸರೇನು, ಮನಿ ಎಲ್ಲೈತಿ ಅಂದ್ರ ಗೊತ್ತಿಲ್ಲ. ಪಾಠನೂ ಹಂಗ. ಗುರುತು ಹತ್ತಿದ ಕೂಡ್ಲೆ ನಮ್ಮ ಮೆದುಳು 'ತಿಳೀತು' ಅಂತ ಸಮಾಧಾನ ಮಾಡ್ಕೋತೈತಿ. ಈ ಪಟ್ಟಿ ಆ ಎರಡರ ನಡುವಿನ ಫರಕ್ ಹಿಡೀತೈತಿ. ಬರೇ ಗುರುತಾದ್ರ ಹಳದಿ, ಖರೇನ ತಿಳಿದ್ರ ಹಸಿರು."

ಅಂದಿನ ಪಾಠ ಎಂಟ್ರೊಪಿ, ಅಂದರೆ ಶಕ್ತಿ ಎಷ್ಟು ಚದುರಿದೆ ಎಂಬುದರ ಅಳತೆ. ಚಂದ್ರಕಾಂತ ಯಾದವಾಡರು ಆ ವಿಷಯ ಹೇಳಲು ನಿಂತರೆ ಪಕ್ಕದ ತರಗತಿಯವರೂ ಕಿವಿಗೊಡುತ್ತಿದ್ದರು. ಅಂಥ ಕಂಠ, ಅಂಥ ನಿರರ್ಗಳ ಮಾತು. ಸೂತ್ರ ಬರೆದು, ಕೈಗೆ ಹತ್ತಿದ ಸೀಮೆಸುಣ್ಣದ ಪುಡಿ ಕೊಡವಿ ತಿರುಗಿದಾಗ ಎದುರಿಗೆ ಸೇವಂತಿಗೆ ಹೊಲ ಅರಳಿದಂತೆ ಹಳದಿಯೋ ಹಳದಿ.

"ನಿಮ್ಮ ಯಂತ್ರ ಕೆಟ್ಟೈತ್ರಿ," ಎಂದರು ಅವರು, ಹಿಂದಿನ ಸಾಲಿನಲ್ಲಿ ಕುಳಿತಿದ್ದ ತಾರಾಮತಿಯವರಿಗೆ. ಆಮೇಲೆ ಹುಡುಗರ ಕಡೆ ನೋಡಿ, "ಏನ್ ತಿಳೀಲಿಲ್ಲ, ಯಾರರ ಹೇಳ್ರಿ," ಎಂದು ಗದರಿದರು.

ಸುಗಲಾ ಎದ್ದು ನಿಂತಳು.

"ಸರ್, ಬಿಸಿ ಚಹಾ ಆರತೈತಿ. ಶಾಖ ಗಾಳಿಗೆ ಹೋಗತೈತಿ. ಅದ ಶಾಖ ತಿರುಗಿ ಬಂದು ಚಹಾ ತಾನಾಗೇ ಯಾಕ ಬಿಸಿ ಆಗಂಗಿಲ್ಲ? ಹಂಗಾದ್ರೂ ಶಕ್ತಿಯ ಲೆಕ್ಕ ತಪ್ಪಂಗಿಲ್ಲಲ್ರಿ."

"ಎಂಟ್ರೊಪಿ ಯಾವಾಗಲೂ ಹೆಚ್ಚಾಗತೈತಿ. ಅದಕ್ಕ."

"ಯಾಕ ಹೆಚ್ಚಾಗತೈತ್ರಿ?"

ಯಾದವಾಡರು ನೇರ ಹಿಂದಿನ ಸಾಲಿಗೆ ಹೋಗಿ, ಉಳಿದಿದ್ದ ಒಂದು ಪಟ್ಟಿಯನ್ನು ಇಸಿದುಕೊಂಡು ತಮ್ಮ ನರೆತ ತಲೆಗೆ ಕಟ್ಟಿಕೊಂಡರು. ದೀಪವನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟು, ಅದೇ ಪಾಠವನ್ನು ಮೊದಲಿನಿಂದ ಹೇಳಿದರು. ಒಂದಕ್ಷರವೂ ತಪ್ಪಲಿಲ್ಲ.

ದೀಪ ಹಳದಿಯಾಯಿತು. ಹಳದಿಯಾಗಿಯೇ ಉಳಿಯಿತು.

ಈಗ ಇವರು ಪಟ್ಟಿ ಕಿತ್ತೆಸೆದು ಹೊರಟುಹೋಗುತ್ತಾರೆ, ತನ್ನ ಓದು ಇಲ್ಲಿಗೆ ಮುಗಿಯಿತು ಎಂದುಕೊಂಡಳು ಸುಗಲಾ. ಯಾದವಾಡರು ಮಾತ್ರ ದೀಪವನ್ನೇ ನೋಡುತ್ತ ದನಿ ತಗ್ಗಿಸಿ ಹೇಳಿದರು: "ಇಷ್ಟ ವರ್ಷ ಇದನ್ನ ಹೇಳೀನಿ. ನನಗೂ ಬರೇ ಗುರುತು ಐತಿ ನೋಡ್ರಿ. ನಾಳೆ ಕೂಡಿ ಕಲಿಯೂಣು."

ಮರುದಿನ ಅವರು ಹಾಸ್ಟೆಲಿನ ಅಡುಗೆಮನೆಯಿಂದ ಒಂದು ಡಬ್ಬಿಯಲ್ಲಿ ಜೋಳ, ಅದರ ಮೇಲೆ ಹೆಸರುಕಾಳು ಹಾಕಿಸಿಕೊಂಡು ಬಂದರು. ಅಲುಗಿಸಿದರೆ ಎರಡೂ ಬೆರೆತವು. ಎಷ್ಟು ಅಲುಗಿಸಿದರೂ ತಿರುಗಿ ಬೇರೆಯಾಗಲಿಲ್ಲ. ಡಬ್ಬಿ ಕೈಯಿಂದ ಕೈಗೆ ಹೋಯಿತು, ವಾದ ಬಿಸಿಯೇರಿತು. ಕಾಳನ್ನೇ ನೋಡುತ್ತಿದ್ದ ಸುಗಲಾ ಮೆಲ್ಲಗೆ ಅಂದಳು: "ಬ್ಯಾರೆ ಬ್ಯಾರೆ ಇರಾಕ ಕೆಲವೇ ದಾರಿ ಅದಾವು ಸರ್. ಬೆರೆತು ಇರಾಕ ಎಣಿಸಾಕ ಆಗದಷ್ಟು ದಾರಿ. ಯಾರೂ ತಡದಿಲ್ಲ. ತಿರುಗಿ ಹೋಗೂ ದಾರಿನ ಸಿಗವಲ್ದು. ಶಾಖನೂ ಹಂಗ ಹರಡಿಕೊಂಡು ಹೋಗತೈತಿ."

ಅವಳ ದೀಪ ಹಸಿರಾಯಿತು. ಅದರ ಹಿಂದೆಯೇ ಮೇಜಿನ ಮೇಲಿದ್ದ ಯಾದವಾಡರ ದೀಪವೂ. ತರಗತಿ ಚಪ್ಪಾಳೆ ತಟ್ಟಿತು. ಯಾದವಾಡರು ಎಳೆಯ ಹುಡುಗನಂತೆ ನಕ್ಕರು.

ಅಂದಿನಿಂದ ಅವರು ಪಟ್ಟಿ ಕಟ್ಟದೆ ಪಾಠಕ್ಕೆ ನಿಲ್ಲಲಿಲ್ಲ. ಹಳದಿ ಹೊತ್ತಿದರೆ ಮಾತು ನಿಲ್ಲಿಸಿ, "ತಡೀರಿ, ನನಗ ತಿಳೀವಲ್ದು," ಎನ್ನುತ್ತಿದ್ದರು. ಸುಗಲಾ ಎರಡನೆಯ ವರ್ಷ ದಾಟಿದಳು, ಮೂರನೆಯ ವರ್ಷ ಪ್ರಥಮ ದರ್ಜೆ ಪಡೆದಳು. ಅವಳೊಂದಿಗೆ ಇಡೀ ತರಗತಿಯೇ ಮೇಲೆ ಬಂತು. ಸುದ್ದಿ ಹಬ್ಬಿ, ಅರಿವುಮಾಪಕ ಹತ್ತಾರು ಕಾಲೇಜುಗಳಿಗೆ ಹೋಯಿತು. ವಿಚಿತ್ರವೆಂದರೆ ಅಲ್ಲೆಲ್ಲೂ ಅಂಕಗಳು ಏರಲಿಲ್ಲ.

ಸುಗಲಾಳ ಅಂತಿಮ ವರ್ಷದಲ್ಲಿ ತಾರಾಮತಿ ಕಾರಣ ಹುಡುಕುತ್ತ ಮತ್ತೆ ಬಂದರು. "ಅದ ಪಟ್ಟಿ, ಅದ ದೀಪ. ಅಲ್ಲಿ ಯಾಕ ಆಗವಲ್ದು?"

"ಅಲ್ಲಿ ಮಾಸ್ತರ್ ಕಟ್ಕೋತಾರೇನ್ರಿ ಮೇಡಂ?" ಎಂದು ಸುಗಲಾ ಕೇಳಿದಳು.

ತಾರಾಮತಿ ಬೆರಗಾದರು; ಯಾದವಾಡರು ಕಟ್ಟಿಕೊಂಡಿದ್ದನ್ನು ಕಂಡಿದ್ದರೂ ಅದೇ ಕಾರಣವಿರಬಹುದೆಂದು ಅವರಿಗೆ ಹೊಳೆದಿರಲಿಲ್ಲ. ವಿದ್ಯಾರ್ಥಿಗಳಿಗೆಂದೇ ಮಾಡಿದ ಯಂತ್ರವನ್ನು ಅಧ್ಯಾಪಕರಿಗೂ ಕಟ್ಟಬಹುದೆಂಬುದು ಅವರ ಯೋಜನೆಯಲ್ಲಿ ಎಲ್ಲಿಯೂ ಇರಲಿಲ್ಲ. ಯಾರೂ ಹೇಳದೆ ಕಟ್ಟಿಕೊಂಡಿದ್ದವರು ಯಾದವಾಡರೊಬ್ಬರೇ.

ಆ ವರ್ಷ ಯಾದವಾಡರು ಇನ್ನೊಂದು ಕೆಲಸ ಮಾಡಿದರು. ಕಿರಿಯ ಅಧ್ಯಾಪಕಿಯೊಬ್ಬರು ಹೊಸದೊಂದು ವಿಷಯ ಹೇಳಿಕೊಡುತ್ತಿದ್ದರು. ಯಾದವಾಡರು ವಿಶೇಷ ಅನುಮತಿ ಪಡೆದು ಆಕೆಯ ಪಾಠಕ್ಕೆ ಕುಳಿತು, ತಮ್ಮ ವಿದ್ಯಾರ್ಥಿಗಳ ನಡುವೆಯೇ ಅಂತಿಮ ಪರೀಕ್ಷೆ ಬರೆದರು. ಉತ್ತರಗಳನ್ನು ತಿದ್ದಿದವರು ಹೊರಗಿನವರು. ಫಲಿತಾಂಶ ಬಂದಾಗ ಸುಗಲಾ ತರಗತಿಗೇ ಮೊದಲಿಗಳು. ಯಾದವಾಡರು ಅವಳಿಗಿಂತ ಏಳು ಅಂಕ ಹಿಂದೆ.

ಕಾರಿಡಾರಿನಲ್ಲಿ ಸಿಕ್ಕವರಿಗೆಲ್ಲ ಅವರು ಅದನ್ನು ಬಂಗಾರದ ಪದಕ ಬಂದಷ್ಟು ಹಿಗ್ಗಿನಿಂದ ಹೇಳಿಕೊಂಡು ಬಂದರು. ಸುಗಲಾ ಕಾಲಿಗೆರಗಲು ಬಾಗಿದಳು. ಅವರು ಅವಳ ಭುಜ ಹಿಡಿದು ತಡೆದು, ಜೇಬಿನಿಂದ ಪ್ರಶ್ನೆಪತ್ರಿಕೆ ತೆಗೆದು ಒಂದು ಪ್ರಶ್ನೆಯ ಮೇಲೆ ಬೆರಳಿಟ್ಟರು.

"ಅದೆಲ್ಲಾ ಆಮ್ಯಾಲೆ. ಏಳು ಅಂಕ ಇದರಾಗ ಹೋಗ್ಯಾವ. ನೀ ಹೆಂಗ ಬಿಡಿಸಿದಿ, ಮೊದಲ ಹೇಳು."