ವಳಸಂಗದ ಖಾನಾವಳಿಯಲ್ಲಿ ಮಾಯವಾದ ನಾಗಮಣಿ

"ಅಕ್ಕಾರ, ಮಣಿ ಇಲ್ಲರಿ! ಕೈ ತೊಳಕೊಂಡು ಬರೂದ್ರಾಗ ಮಾಯ ಆತು!"

ಸಾಯಬಣ್ಣನ ಕೂಗಿಗೆ ಖಂಡಪ್ಪನ ಕೈಯ ಸೌಟು ಜಾರಿತು. ಎಪ್ಪತ್ಮೂರನೇ ಇಸವಿಯ ಆ ಮಧ್ಯಾಹ್ನದವರೆಗೆ ಕಸ್ತೂರಬಾಯಿಯ ಖಾನಾವಳಿಯಲ್ಲಿ ಒಂದು ಸೂಜಿಯೂ ಕಳೆದಿರಲಿಲ್ಲ. ವಳಸಂಗದ ಆ ಮನೆ ಸಾಹಸಿಗಳ ತವರು. ಭೂತ ಹಿಡಿಯುವವರು, ನಿಧಿ ಕಾಯುವ ಸರ್ಪಗಳೊಂದಿಗೆ ಸೆಣಸುವವರು ಸೊಲ್ಲಾಪುರದ ಬಸ್ಸಿಳಿದು, ಕತ್ತಿ ಕೊಡಲಿಗಳನ್ನು ಬಾಗಿಲ ಬಳಿ ತಮ್ಮ ತಮ್ಮ ಗೂಟಕ್ಕೆ ತೂಗುಹಾಕಿ ಊಟಕ್ಕೆ ಕೂರುತ್ತಿದ್ದರು. ಕಸ್ತೂರಬಾಯಿಯೂ ಹರೆಯದಲ್ಲಿ ಬ್ರಹ್ಮರಾಕ್ಷಸನನ್ನು ಮಣಿಸಿದವಳೇ. ಈಗ ಮಹಡಿಯಲ್ಲಿ ವಾಸ, ಕೆಳಗೆ ಖಾನಾವಳಿ, ನಡುನಡುವೆ ಪತ್ತೇದಾರಿಕೆ. ಹಳೆಯ ಸಂಗಡಿಗ ಖಂಡಪ್ಪನಿಗೆ ಅವಳ ಬುದ್ಧಿಯ ಬಗ್ಗೆ ಇದ್ದ ಹೆಮ್ಮೆ ತನ್ನ ಮೀಸೆಯ ಬಗ್ಗೆಯೂ ಇರಲಿಲ್ಲ.

ಚಪಳಗಾಂವದಲ್ಲಿ ಸಾಯಬಣ್ಣನ ತಂಗಿ ಲಕ್ಷ್ಮೀಬಾಯಿಯನ್ನು ಮಾಯಾಸರ್ಪ ಕಚ್ಚಿತ್ತು. ಹೊತ್ತು ಮುಳುಗುವುದರೊಳಗೆ ಗಾಯಕ್ಕೆ ನಾಗಮಣಿ ಒತ್ತಿದರೆ ಮಾತ್ರ ಅವಳು ಉಳಿಯುತ್ತಿದ್ದಳು. ಹಾಳುಬಾವಿಗೆ ಇಳಿದು ಮಣಿ ತಂದವನು, ಬಸ್ಸು ಬರುವವರೆಗೆ ಎರಡು ತುತ್ತು ತಿನ್ನೋಣವೆಂದು ಅದನ್ನು ಗೋಡೆಯ ಗೂಡಿನಲ್ಲಿಟ್ಟಿದ್ದ.

ಒಳಗಿದ್ದವರು ಇನ್ನಿಬ್ಬರೇ. ಹಾವಾಡಿಗ ಶಂಕರೆಪ್ಪ ಮತ್ತು ಭೂತ ಹಿಡಿಯುವ ಭೀಮಶಾ.

"ಹಾವಿನ ಮಣಿ ಹಾವಾಡಿಗಗಲ್ದ ಯಾರಿಗಿ ಬೇಕರಿ?" ಎಂದ ಭೀಮಶಾ. ಸಾಯಬಣ್ಣ ಶಂಕರೆಪ್ಪನ ಕೊರಳಪಟ್ಟಿ ಹಿಡಿದ.

"ಕೈ ಬಿಡೋ ಸಾಯಬಣ್ಣಾ. ಖಂಡಪ್ಪಣ್ಣಾ, ಬಾಗಲಾ ಕಿಡಕಿ ಎಲ್ಲಾ ಮುಚ್ಚು," ಎಂದಳು ಕಸ್ತೂರಬಾಯಿ.

ಕತ್ತಲಾಯಿತು. ನಾಗಮಣಿಯ ಬೆಳಕು ಎಂಥ ದಪ್ಪ ಕಂಬಳಿಯನ್ನೂ ದಾಟಿ ಬರುತ್ತದೆ. ಆದರೆ ಎಲ್ಲಿಯೂ ಒಂದು ಮಿಣುಕಿಲ್ಲ. ಕಿಟಕಿ ತೆರೆದು ಗಂಟುಗಳನ್ನು ಬಿಚ್ಚಿಸಿದರು. ಶಂಕರೆಪ್ಪನ ಬಿದಿರ ಬುಟ್ಟಿಯಲ್ಲಿ ಮಲಗಿದ್ದ ಹಾವು, ಪುಂಗಿ. ಭೀಮಶಾನ ಗಂಟಿನಲ್ಲಿ ಖಡಕ್ ರೊಟ್ಟಿ, ತಗಡಿನ ಡಬ್ಬಿ ತುಂಬ ಮೊಸರು ಕಲಸಿದ ಶೇಂಗಾ ಚಟ್ನಿ.

"ತಿಂಗಳ ಬುತ್ತಿ ಅಕ್ಕಾರ. ಗುಡ್ಡದ ಕ್ವಾಟ್ಯಾಗ ಭೂತ ಹಿಡಿಯಾಕ ಹೊಂಟೀನಿ."

ಊಟದ ನಡುವೆ ಭೀಮಶಾ ಎರಡನೇ ಸಲ ಕೇಳಿದಾಗ ಆ ಮೊಸರನ್ನು ಬಡಿಸಿದ್ದು ಖಂಡಪ್ಪನೇ. ಅವನಿಗೆ ಏನೂ ಹೊಳೆಯಲಿಲ್ಲ. ಬಿಸಿಲು ಇಳಿಯುತ್ತಿತ್ತು.

ಕಸ್ತೂರಬಾಯಿ ಎಲ್ಲರನ್ನೂ ಪಂಕ್ತಿಯಲ್ಲಿ ಕೂರಿಸಿದಳು. "ಖಂಡಪ್ಪಣ್ಣಾ, ನಮ್ಮ ಕಡಿ ತಿಂಗಳ ಬುತ್ತಿ ಹ್ಯಾಂಗ ಕಟ್ತಾರ?"

"ಖಡಕ್ ರೊಟ್ಟಿ, ಒಣ ಶೇಂಗಾ ಚಟ್ನಿ."

"ಮೊಸರು?"

"ಅದನ್ನ ಉಣ್ಣೂ ಮುಂದ ತಾಟಿನಾಗ ಕಲಸ್ಕೋಬೇಕು. ಡಬ್ಬ್ಯಾಗ ಕಲಸಿದ್ರ ನಾಳೀಗೇ ನಾತ..." ಖಂಡಪ್ಪ ತಟ್ಟನೆ ಭೀಮಶಾನ ಡಬ್ಬಿಯ ಕಡೆ ತಿರುಗಿದ.

"ಹೌದಲ್ಲ? ಕತ್ತಲಾಗ ಬೆಳಕು ಕಾಣಲಿಲ್ಲ, ಅಂದ್ರ ಮಣಿ ಅರಿಬಿ ಗಂಟಿನಾಗ ಇಲ್ಲ. ಬಿದಿರ ಬುಟ್ಟಿ ಆಗಿದ್ರ ಸಂದೀಲೆ ಬೆಳಕು ಸೋರತಿತ್ತು, ಶಂಕರೆಪ್ಪ ಅಲ್ಲ. ಉಳಿದದ್ದು ಡಬ್ಬಿ, ತಗಡು ದಾಟಿ ಬೆಳಕು ಬರಂಗಿಲ್ಲ. ಆದ್ರ ಒಣ ಚಟ್ನಿ ಮಣಿಗಿ ಅಂಟಂಗಿಲ್ಲ, ಮುಚ್ಚಳ ತೆಗದ್ರ ಗುಟ್ಟು ರಟ್ಟು. ಸಂದಿಲ್ದಂಗ ಮಣಿಗಿ ಮೆತ್ತಾಕ ಭೀಮಶಾಗ ಮೊಸರು ಬೇಕಾತು. ತಿಂಗಳ ದಾರಿ ಹೊಂಟಾವ ಒಂದ ದಿನ ಬಾಳೂ ಚಟ್ನಿ ಯಾಕ ಕಟ್ಟಿದೆಪಾ?"

ಭೀಮಶಾ ಬಾಗಿಲಿಗೆ ಹಾರಿದ. ಅಲ್ಲಿ ಖಂಡಪ್ಪ ಗೋಡೆಯಂತೆ ನಿಂತಿದ್ದ. ಕಸ್ತೂರಬಾಯಿ ಸೌಟಿನಿಂದ ಡಬ್ಬಿಯೊಳಗಿನ ಚಟ್ನಿಯ ಉಂಡೆ ಒಡೆದಳು. ಪಡಸಾಲೆಯ ತುಂಬ ಬೆಳ್ಳಿಬೆಳಕು ಚೆಲ್ಲಿತು! ಸಾಯಬಣ್ಣ ಅಳುತ್ತಲೇ ಶಂಕರೆಪ್ಪನ ಕಾಲು ಮುಟ್ಟಿದ.

"ಕತ್ತಲ ಗವ್ಯಾಗ ನಿಧಿ ಹುಡಕಾಕ ಬೇಕಿತ್ತರಿ," ಎಂದು ಭೀಮಶಾ ತಲೆ ತಗ್ಗಿಸಿದ. ಕಸ್ತೂರಬಾಯಿ ಅವನ ಗೂಟವನ್ನು ಗೋಡೆಯಿಂದ ಕಿತ್ತು ಅವನ ಕೈಗೇ ಕೊಟ್ಟಳು. ಆ ಮನೆಯಲ್ಲಿ ಗೂಟ ಹೋದವನಿಗೆ ಮತ್ತೆ ಊಟವಿಲ್ಲ.

ಬಸ್ಸು ಆಗಲೇ ಹೋಗಿತ್ತು. ಸಾಯಬಣ್ಣನನ್ನು ಹಿಂದೆ ಕೂರಿಸಿಕೊಂಡು ಖಂಡಪ್ಪ ಫಟಫಟಿ ಓಡಿಸಿದ. ಅಕ್ಕಲಕೋಟೆಯ ರಸ್ತೆಯುದ್ದಕ್ಕೂ ಸೂರ್ಯ ಬೆನ್ನಟ್ಟಿ ಬಂದ. ಮಣಿ ಗಾಯಕ್ಕೆ ತಾಗಿದಾಗ ದಿಗಂತದಲ್ಲಿ ಕೆಂಪು ಅಂಚೊಂದು ಇನ್ನೂ ಉಳಿದಿತ್ತು. ಲಕ್ಷ್ಮೀಬಾಯಿ ಕಣ್ಣು ಬಿಟ್ಟಳು.

ಮುಂದಿನ ವಾರ ಅವಳೇ ನಡೆದು ಖಾನಾವಳಿಗೆ ಬಂದಳು. ಸಾಹಸಿಗಳೆಲ್ಲ ಎದ್ದು ನಿಂತು ಪಂಕ್ತಿಯ ಮೊದಲ ಜಾಗ ಬಿಟ್ಟುಕೊಟ್ಟರು. ಖಂಡಪ್ಪ ಚಟ್ನಿ ಬಡಿಸಿ ಕೇಳಿದ, "ಮೊಸರು ಹಾಕ್ಲೇನವಾ?"

"ಹಾಕ್ರಿ ಅಣ್ಣಾ, ಕೈ ಬಿಟ್ಟು ಹಾಕ್ರಿ," ಎಂದು ನಕ್ಕಳು ಲಕ್ಷ್ಮೀಬಾಯಿ. "ನನ್ನ ಜೀವಾ ಅದ್ರಾಗ ಇತ್ತಂತ. ರುಚಿ ಹ್ಯಾಂಗದ ನೋಡೂನು."