ಡಬ್ಬಿ ಡಾಕ್ಟ್ರು

ವಂಬೂಜಿ ಮೊದಲ ಸಲ ನನ್ನ ಅಂಗಡಿಗೆ ಬಂದ ದಿನ ಆರು ಜನ ಗಿರಾಕಿಗಳು ಅರ್ಧ ತಿಂದ ಚಪಾತಿ ಬಿಟ್ಟು ಎದ್ದು ಹೋದರು.

ಅಂಗಡಿ ಎಂದರೆ ದೊಡ್ಡದೇನಲ್ಲ. ನಮ್ಮೂರು ನಂಗೊಮದಲ್ಲಿ ದೋಣಿಗಳು ದಡಕ್ಕೆ ಬಂದು ನಿಲ್ಲುವ ಕಡೆ, ಮಾವಿನ ಮರದ ಕೆಳಗೆ, ಒಂದು ಇದ್ದಿಲ ಒಲೆ, ಒಂದು ಹೆಂಚು, ಒಂದು ಬೆಂಚು. ಬೆಳಿಗ್ಗೆ ಸರೋವರದಿಂದ ಮೀನು ಇಳಿಸಿ ಬಂದವರಿಗೆ ಮೊಟ್ಟೆ ಚಪಾತಿ ಸುತ್ತಿ ಕೊಡುವುದು ನನ್ನ ಕೆಲಸ. ಅವನು ಬಂದವನೇ ಸೈಕಲ್ಲನ್ನು ಬೆಂಚಿಗೆ ಒರಗಿಸಿದ. ಕ್ಯಾರಿಯರ್ ಮೇಲೆ ನೀಲಿ ಬಣ್ಣದ ಐಸ್ ಪೆಟ್ಟಿಗೆ.

"ಸೋಡಾ ಇದೆಯೇನಪ್ಪಾ ಅದ್ರಲ್ಲಿ?" ಬೆಂಚಿನ ಮೇಲಿದ್ದ ಒಬ್ಬ ಕೇಳಿದ.

"ಇಲ್ಲ, ಸ್ಯಾಂಪಲ್."

"ಎಂಥ ಸ್ಯಾಂಪಲ್? ಪುಕ್ಕಟೆ ಕೊಡ್ತೀರಾ?"

ಸುಳ್ಳು ಹೇಳಲು ಬಾರದ ಮನುಷ್ಯ. "ಜನರ ಮಲ," ಎಂದ. "ಎಪ್ಪತ್ತೆರಡು ಡಬ್ಬಿ ಇದೆ." ಆಮೇಲೆ ನನ್ನ ಕಡೆ ತಿರುಗಿ, "ನಂಗೊಂದು ಮೊಟ್ಟೆ ಚಪಾತಿ ಕೊಡಿ, ಈರುಳ್ಳಿ ಸ್ವಲ್ಪ ಜಾಸ್ತಿ ಇರಲಿ," ಎಂದ.

ಬೆಂಚು ಖಾಲಿಯಾಯಿತು. ನಾನು ಚಪಾತಿ ಮಗುಚುವ ಸಟ್ಟುಗ ಎತ್ತಿಕೊಂಡೆ.

"ಎತ್ರಿ ಆ ಪೆಟ್ಟಿಗೇನ. ಯಾವ ಮನೆ ಹಾಳು ಮಾಡೋಕೆ ಬಂದ್ರಿ ನೀವು?"

"ಮುಚ್ಚಳ ಗಟ್ಟಿಯಾಗಿದೆ ರೀ. ಐಸೂ ಹಾಕಿದೀನಿ."

"ಐಸ್ ಹಾಕಿದ್ರೆ ಅದೇನು ಐಸ್‌ಕ್ರೀಮ್ ಆಗುತ್ತಾ?"

ಅವನಿಗೆ ನಗು ಬಂತು. ನಗಬಾರದು ಎಂದು ಕೆಳತುಟಿ ಕಚ್ಚಿಕೊಂಡ. ಬಲಗೆನ್ನೆಯಲ್ಲಿ ಮಾತ್ರ ಸಣ್ಣದೊಂದು ಗುಳಿ ಬಿದ್ದು ಅವನನ್ನು ಹಿಡಿದುಕೊಟ್ಟಿತು. ಸೈಕಲ್ಲನ್ನು ನೂರು ಹೆಜ್ಜೆ ಆಚೆ, ಒಂದು ಮುರುಕು ದೋಣಿಯ ಹಿಂದೆ ಬಚ್ಚಿಟ್ಟು ಬಂದು, ಒಬ್ಬನೇ ಬೆಂಚಿನ ತುದಿಯಲ್ಲಿ ಕುಳಿತು ತಿಂದ. ಆರು ಜನ ಬಿಟ್ಟುಹೋದ ಚಪಾತಿಗಳ ನಡುವೆ.

ಅವನು ಪಟ್ಟಣದ ಸಂಶೋಧನಾ ಕೇಂದ್ರದವನು. ನಮ್ಮ ಸರೋವರದ ಬಸವನಹುಳುವಿನಿಂದ ಕಣ್ಣಿಗೆ ಕಾಣದ ಹುಳು ನೀರಿಗೆ ಬಂದು, ನೀರಿಗಿಳಿದವರ ಚರ್ಮದೊಳಗೆ ಸೇರುತ್ತದಂತೆ. ಹೊಟ್ಟೆಯಲ್ಲಿ ಸಂಸಾರ ಹೂಡಿ ಮೊಟ್ಟೆ ಇಡುತ್ತದಂತೆ. ಬಿಲ್ಹಾರ್ಜಿಯಾ ಎಂದು ಹೆಸರು. ಯಾವ ಊರಲ್ಲಿ ಎಷ್ಟು ಜನರಿಗಿದೆ, ವರ್ಷಕ್ಕೆ ಒಮ್ಮೆ ಮಾತ್ರೆ ಕೊಟ್ಟರೆ ಸಾಕೋ ಎರಡು ಸಲ ಬೇಕೋ, ಅದನ್ನು ತಿಳಿಯಲು ಮನೆಮನೆಗೆ ಡಬ್ಬಿ ಹಂಚಿದ್ದರು. ಊರು ಅವನಿಗೆ ಎರಡೇ ದಿನದಲ್ಲಿ ಡಬ್ಬಿ ಡಾಕ್ಟ್ರು ಎಂದು ಹೆಸರಿಟ್ಟಿತು.

"ನಾನು ಡಾಕ್ಟರಲ್ಲ," ಎನ್ನುತ್ತಿದ್ದ. "ಮೈಕ್ರೋಸ್ಕೋಪಲ್ಲಿ ಹುಳುವಿನ ಮೊಟ್ಟೆ ಎಣಿಸೋನು, ಅಷ್ಟೆ. ನೀವು ಮೊಟ್ಟೆ ಒಡೀತೀರಿ, ನಾನು ಮೊಟ್ಟೆ ಎಣಿಸ್ತೀನಿ. ಇಬ್ಬರದೂ ಹೆಚ್ಚುಕಮ್ಮಿ ಒಂದೇ ಕಸುಬು."

"ನನ್ನ ಮೊಟ್ಟೇನ ಜನ ತಿಂತಾರೆ ರೀ."

"ನನ್ನ ಮೊಟ್ಟೆ ಜನರನ್ನ ತಿನ್ನುತ್ತೆ," ಎಂದ.

ಆ ಮಾತು ಹೇಳುವಾಗ ಅವನು ನಗುತ್ತಿರಲಿಲ್ಲ. ಒಲೆಯ ಮುಂದಿನಿಂದ ಏಳುವಾಗ ನಾನು ಬಲಪಕ್ಕೆಯ ಕೆಳಗೆ ಕೈ ಒತ್ತಿಕೊಂಡದ್ದನ್ನು ನೋಡುತ್ತಿದ್ದ.

ಹೀಗೆ ಎರಡು ತಿಂಗಳು ಅವನು ದಿನಾ ಬೆಳಿಗ್ಗೆ ಬಂದು ತಿಂದ ಮೇಲೆ ನಮ್ಮ ಮನೆಗೂ ಮೂರು ಡಬ್ಬಿ ಬಂದವು. ಅಜ್ಜಿಗೊಂದು, ಸೋದರತ್ತೆ ನಮುಕೋಸೆಗೊಂದು, ನನಗೊಂದು. ಅಪ್ಪ ದ್ವೀಪಗಳ ಕಡೆ ಮೀನಿಗೆ ಹೋದವರು ಮನೆ ಮುಖ ನೋಡುವುದು ತಿಂಗಳಿಗೊಮ್ಮೆ. ಅವರ ಲೆಕ್ಕ ಇಲ್ಲ. ಅತ್ತೆ ಡಬ್ಬಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಯಾವನೋ ಕೈಗೆ ನನ್ನದು ಕೊಡ್ಬೇಕಂತಾ? ನಾಳೆ ಅದ್ರಲ್ಲಿ ಮಾಟ ಮಾಡ್ಸಿದ್ರೆ?" ಎಂದು ಮೂಲೆಗೆ ಎಸೆದರು. ನಾನೂ ಅತ್ತೆಯ ಪಕ್ಷವೇ. ಆದರೆ ನನ್ನ ಕಾರಣ ಬೇರೆ. ಬೇರೆ ಯಾರು ಬಂದಿದ್ದರೂ ಕೊಡುತ್ತಿದ್ದೆನೇನೋ. ಯಾರ ಸೈಕಲ್ ಬೆಲ್ಲಿಗಾಗಿ ಬೆಳಿಗ್ಗೆ ಎದ್ದು ಎರಡು ಸಲ ತಲೆ ಬಾಚಿಕೊಳ್ಳುತ್ತಿದ್ದೆನೋ, ಅವನ ಕೈಗೆ ಹೇಗೆ ಕೊಡಲಿ?

"ಅದಕ್ಯಾಕಿಷ್ಟು ರಂಪ?" ಎಂದರು ಅಜ್ಜಿ. "ನಂದೇ ಬೇಕಾದಷ್ಟಿದೆ. ಮೂರಕ್ಕೂ ಹಂಚ್ತೀನಿ, ಕೊಡಿ ಇಲ್ಲಿ."

ಹಂಚಿದರು.

ಎಂಟು ದಿನದ ಮೇಲೆ ವಂಬೂಜಿ ಅಂಗಡಿಗೆ ಬಂದು, ಬೆಂಚಿನ ಮೇಲಿದ್ದವರಿಗೆ ಕೇಳಬಾರದೆಂದು ಬಹಳ ಮೆಲ್ಲಗೆ ಮಾತಾಡಿದ. ಅವನ ಮೆಲುದನಿ ನಾಲ್ಕು ದೋಣಿ ಆಚೆಗೂ ಕೇಳುತ್ತದೆ.

"ನಂಗೋಬಿ, ನಿಮ್ಮನೇಲಿ ಸೀಬೆಹಣ್ಣು ಯಾರು ತಿಂತಾರೆ?"

"ಅಜ್ಜಿ. ಯಾಕೆ?"

"ಅವರಿಗೆ ಹಲ್ಲಿಲ್ಲ ಅಲ್ವಾ? ಬೀಜ ಅಗೀದೆ ನುಂಗ್ತಾರೆ."

ನನಗೆ ಅರ್ಥವಾಯಿತು. ಚಪಾತಿ ಹೆಂಚಿನ ಮೇಲೆ ಸೀಯುತ್ತಿತ್ತು.

"ಮೂರು ಡಬ್ಬೀಲೂ ಸೀಬೆ ಬೀಜ ಇತ್ತು," ಎಂದ. "ಮೂರರಲ್ಲೂ ಹುಳುವಿನ ಮೊಟ್ಟೆ ಇಲ್ಲ. ಅಜ್ಜಿ ಈಗ ನೀರಿಗೆ ಇಳಿಯಲ್ಲ, ಅವರು ಚೆನ್ನಾಗಿದಾರೆ, ಸಂತೋಷ. ನಿಮ್ಮ ವಿಷಯ ನನಗೆ ಗೊತ್ತಾಗಲಿಲ್ಲ. ಮೊಟ್ಟೆ ಕಂಡವರಿಗೇ ನಾವು ಮಾತ್ರೆ ಕೊಡೋದು."

ಬೆಂಚಿನ ಮೇಲಿದ್ದವರು ನಗತೊಡಗಿದರು. ಒಬ್ಬ, "ಏನೇ ನಂಗೋಬಿ, ಮನೇಲಿ ಅದನ್ನೂ ಸಾಲ ತಗೋತೀರಾ?" ಎಂದ. ನನಗೆ ಸಿಟ್ಟು ಕೆರಳಿತು. ಇನ್ನು ಮೇಲೆ ಈ ಕಡೆ ತಲೆ ಹಾಕಬೇಡಿ ಎಂದು ವಂಬೂಜಿಗೆ ಹೇಳಿಬಿಟ್ಟೆ. ಅವನು ನಿಂತು ಪೂರ್ತಿ ಕೇಳಿಸಿಕೊಂಡ. ಹೋಗುವಾಗ, "ಪಕ್ಕೆ ನೋವು ಎಷ್ಟು ದಿನದಿಂದ ಇದೆ?" ಎಂದು ಮಾತ್ರ ಕೇಳಿದ. ನಾನು ಸೀದುಹೋದ ಚಪಾತಿ ಕೆರೆದು ಎಸೆದೆ.

ಅವನು ಅಂಗಡಿಗೆ ಬರಲಿಲ್ಲ, ಅವತ್ತು ಸಂಜೆ ಸೀದಾ ಮನೆಗೇ ಬಂದ. ಕೈಯಲ್ಲಿ ಹೊಸ ಡಬ್ಬಿಗಳು. ಅತ್ತೆ ಅಂಗಳದಲ್ಲಿ ಗೆಣಸಿನ ಸಿಪ್ಪೆ ತೆಗೆಯುತ್ತಿದ್ದವರು ಚಾಕು ಕೆಳಗಿಡದೆಯೇ, "ಬಂದ್ಯೇನಪ್ಪಾ? ನಮ್ಮನೆ ಹುಡುಗಿ ಮರ್ಯಾದೇನ ದಡದ ಮೇಲೆ ಹರಾಜು ಹಾಕಿದ್ಯಂತೆ?" ಎಂದರು.

"ತಪ್ಪಾಯ್ತು ಅಮ್ಮಾ. ನಂಗೆ ಮೆಲ್ಲಗೆ ಮಾತಾಡೋಕೆ ಬರಲ್ಲ. ಒಂದೇ ಒಂದು ಪ್ರಶ್ನೆ ಇದೆ, ಫಾರ್ಮಿನಲ್ಲಿರೋದು. ಈ ಮನೇಲಿ ಯಾರಾದ್ರೂ ಹೊಟ್ಟೆ ಊದಿ, ರಕ್ತ ಕಾರಿ ತೀರಿಕೊಂಡಿದಾರಾ?"

ಅತ್ತೆಯ ಚಾಕು ನಿಂತಿತು.

ಅಮ್ಮ ಹೋದಾಗ ನನಗೆ ಹನ್ನೆರಡು. ಹೊಟ್ಟೆ ಬಸುರಿಯಂತೆ ಊದಿತ್ತು. ಒಂದು ಮಧ್ಯಾಹ್ನ ಬಾಯಿಂದ ರಕ್ತ ಬಂತು, ನಿಲ್ಲಲಿಲ್ಲ. ನಾದಿನಿ ಮದ್ದು ಹಾಕಿದಳು ಎಂದಿತು ಊರು. ಎದುರಿಗೆ ಯಾರೂ ಹೇಳಲಿಲ್ಲ. ಆದರೆ ಅಂದಿನಿಂದ ಅತ್ತೆ ಮಾಡಿದ ಅಡುಗೆಯನ್ನು ನೆರೆಯವರಾರೂ ಮುಟ್ಟಿಲ್ಲ. ಹನ್ನೊಂದು ವರ್ಷ. ಅಮ್ಮನ ಬದಲು ನನ್ನನ್ನು ಸಾಕಿದವರು ಅವರು.

"ಇವಳ ತಾಯಿ," ಎಂದರು ಅತ್ತೆ.

ಅವನು ಫಾರ್ಮು ಮಡಿಸಿ ಜೇಬಿಗಿಟ್ಟು ನೆಲದ ಮೇಲೆ ಕುಳಿತ. "ಪರೀಕ್ಷೆ ಮಾಡಿರಲಿಲ್ಲ, ಹಾಗಾಗಿ ಅದೇ ಅಂತ ಖಂಡಿತವಾಗಿ ನಾನು ಹೇಳಲಾರೆ. ಆದ್ರೆ ಈ ರೋಗ ಬಹಳ ವರ್ಷ ಹಾಗೇ ಬಿಟ್ರೆ ಯಕೃತ್ತು ಕೆಟ್ಟು ಹೀಗೇ ಕೊನೆಯಾಗುತ್ತೆ. ಈ ದಡದಲ್ಲಿ ಹಾಗೆ ಹೋದ ಹದಿನಾಲ್ಕು ಜನರ ಹೆಸರು ಬರ್ಕೊಂಡಿದೀನಿ. ಹೊಟ್ಟೆ, ರಕ್ತ, ಎಲ್ಲ ಒಂದೇ ಥರ. ಇದು ನೀರಿಂದ ಬರೋದಮ್ಮಾ. ಯಾರ ಕೈಯಿಂದಲೂ ಅಲ್ಲ."

ಅತ್ತೆ ಚಾಕು ಕೆಳಗಿಟ್ಟರು. ಆಮೇಲೆ ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ಹೆಂಗಸರ ಕಡೆ ಕಣ್ಣು ಹಾಯಿಸಿ, "ಕೊನೇ ಮಾತು ಇನ್ನೊಂದ್ಸಲ ಹೇಳು," ಎಂದರು. "ಮೆಲ್ಲಗೆ ಮಾತಾಡೋಕೆ ಬರಲ್ಲ ಅಂದ್ಯಲ್ಲ, ಹಾಗೇ ಹೇಳು."

ಅವನು ಎದ್ದು ನಿಂತು ಹೇಳಿದ. ಹೆಂಗಸರ ಕೈಯ ಬಟ್ಟೆ ಕೈಯಲ್ಲೇ ಉಳಿಯಿತು.

ಆ ರಾತ್ರಿಯ ಊಟಕ್ಕೆ ಅವನು ಅಲ್ಲೇ ಕುಳಿತ. ಅತ್ತೆ ಬೇಯಿಸಿದ ಗೆಣಸು, ಕಡಲೆಕಾಯಿ ಸಾರು ಎರಡು ಸಲ ಹಾಕಿಸಿಕೊಂಡ. ಅತ್ತೆ ತಟ್ಟೆಯ ಕಡೆ ನೋಡದವರಂತೆ ನೋಡುತ್ತಲೇ ಇದ್ದರು. ಮರುದಿನ ಬೆಳಿಗ್ಗೆ ಇಡೀ ಓಣಿಯಲ್ಲಿ ಮೊದಲು ಡಬ್ಬಿ ಕೊಟ್ಟವರು ನಮ್ಮ ನಮುಕೋಸೆ ಅತ್ತೆ. ಬಹುಮಾನ ಪಡೆಯಲು ಹೋಗುವವರಂತೆ ಹಬ್ಬದ ದಿನದ ಉದ್ದನೆಯ ಉಡುಪು ಗೊಮೇಸಿ ತೊಟ್ಟು, ಸೊಂಟಪಟ್ಟಿ ಬಿಗಿದು ಹೋದರು.

ವಂಬೂಜಿ ಮತ್ತೆ ದಿನಾ ಅಂಗಡಿಗೆ ಬರತೊಡಗಿದ. ಡಬ್ಬಿ ಕೊಡದೆ ಉಳಿದವಳು ನಾನೊಬ್ಬಳೇ.

ಯೋಚಿಸಿ ಯೋಚಿಸಿ ಒಂದು ಉಪಾಯ ಮಾಡಿದೆ. ದಡದುದ್ದಕ್ಕೆ ನಡೆದರೆ ಸಿಗುವ ಮುಂದಿನ ಊರಿನಲ್ಲಿ ಡಬ್ಬಿ ತೆಗೆದುಕೊಳ್ಳುವವರು ಬಬಿರ್ಯೆ ಎಂಬ ವಯಸ್ಸಾದ ಹೆಂಗಸು. ಅವರಿಗೆ ಕೊಟ್ಟರಾಯಿತು. ಡಬ್ಬಿಯನ್ನು ಬಾಳೆ ಎಲೆಯಲ್ಲಿ ಸುತ್ತಿ, ಅದರ ಮೇಲೆ ಪೇಪರು, ಅದರ ಮೇಲೆ ಅಜ್ಜಿಯ ಹಳೆಯ ತಲೆವಸ್ತ್ರ ಸುತ್ತಿ, ಬಿಸಿಲಲ್ಲಿ ಒಂದೂವರೆ ಗಂಟೆ ನಡೆದೆ. ಸಾಲಿನಲ್ಲಿ ನಿಂತೆ. ಮುಂದಿನವರು ಸರಿದರು.

ಮೇಜಿನ ಹಿಂದೆ ವಂಬೂಜಿ ಕುಳಿತಿದ್ದ.

"ಬಬಿರ್ಯೆ ಅಕ್ಕ ಎಲ್ಲಿ?" ಎಂದೆ.

"ತಂಗಿ ಮಗಳಿಗೆ ಹೆರಿಗೆ. ರಜೆ." ಪುಸ್ತಕದ ಹೊಸ ಹಾಳೆ ತೆರೆದ. "ನಿಮ್ಮೂರು ನಂಗೊಮ ಅಲ್ವಾ?"

"ಇಲ್ಲಿ ನೆಂಟರ ಮನೆಗೆ ಬಂದಿದ್ದೆ."

"ಡಬ್ಬಿ ತಗೊಂಡಾ?"

ನಾನು ಗಂಟನ್ನು ಮೇಜಿನ ಮೇಲಿಟ್ಟೆ. ಅವನು ತಲೆವಸ್ತ್ರ ಬಿಚ್ಚಿ ನೀಟಾಗಿ ಮಡಿಸಿಟ್ಟ. ಪೇಪರು ಬಿಚ್ಚಿದ. ಬಾಳೆ ಎಲೆ ಬಿಚ್ಚಿದ. ಹಿಂದಿನಿಂದ ಒಬ್ಬ, "ಬೇಗ ಮಾಡಪ್ಪಾ, ಮದುವೆ ಉಡುಗೊರೆ ಬಿಚ್ಚೋ ಹಾಗೆ ಬಿಚ್ತಾ ಇದೀಯಲ್ಲ," ಎಂದ. ವಂಬೂಜಿ ತಲೆ ಇನ್ನಷ್ಟು ತಗ್ಗಿಸಿದ. ನಂಬರನ್ನು ಎರಡು ಸಲ ತಪ್ಪು ಬರೆದು ಹೊಡೆದುಹಾಕಿದ.

"ಇದನ್ನ ನೀವು ನೋಡ್ಬೇಡಿ," ಎಂದೆ, ನನಗೇ ಕೇಳದಷ್ಟು ಮೆಲ್ಲಗೆ.

ಆಗ ಅವನು ತಲೆಯೆತ್ತಿದ. ಮೊದಲ ಸಲ ಅವನಿಗೂ ಮೆಲುದನಿ ಬಂತು. "ಬೇರೆಯವರ ಹತ್ರ ಎಣಿಸೋಕೆ ಹೇಳ್ತೀನಿ. ಲೆಕ್ಕ ನಂಗೆ ಹೇಳ್ಬೇಡಿ ಅಂತಾನೂ ಹೇಳ್ತೀನಿ. ನಿಮ್ಮ ಬಗ್ಗೆ ನೀವಾಗಿ ಹೇಳಿದ್ದಷ್ಟೇ ನಂಗೆ ಸಾಕು."

ವಾಪಸ್ ಬರುವಾಗ ಒಂದೂವರೆ ಗಂಟೆಯ ದಾರಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ನನ್ನ ಹೊಟ್ಟೆಯಲ್ಲಿ ಹುಳು ಇತ್ತು, ಬಹಳವೇ ಇತ್ತು. ಮಾತ್ರೆ ಕೊಡುವ ದಿನ ಶಾಲೆಯ ಅಂಗಳದಲ್ಲಿ ಎತ್ತರ ಅಳೆಯುವ ಕೋಲು ನಿಲ್ಲಿಸಿದ್ದರು. ಎತ್ತರ ನೋಡಿ ಎಷ್ಟು ಮಾತ್ರೆ ಎಂದು ನಿರ್ಧಾರ. ಅಳೆಯುವವನು ಅವನೇ.

"ಹಿಮ್ಮಡಿ ಕೋಲಿಗೆ ತಾಗಲಿ. ಎದುರಿಗೆ ನೋಡಿ."

ಎದುರಿಗೆ ಅವನ ಅಂಗಿಯ ಎರಡನೇ ಗುಂಡಿ ಇತ್ತು. ಗುಂಡಿಯ ದಾರ ಬಣ್ಣ ಬೇರೆ, ತಾನೇ ಹೊಲಿದುಕೊಂಡದ್ದು. ಅವನ ಅಂಗೈ ನನ್ನ ತಲೆಯ ಮೇಲೆ, ಕೂದಲಿಗೆ ತಾಗಿಯೂ ತಾಗದಂತೆ ಬಂದು ನಿಂತಿತು. ನಾನು ಉಸಿರು ಬಿಡಲಿಲ್ಲ. ಅವನೂ ಬಿಟ್ಟಂತೆ ಕಾಣಲಿಲ್ಲ.

"ಕೂದಲು ಎತ್ತರ ಇದೆ. ಇನ್ನೊಂದ್ಸಲ ನೋಡ್ತೀನಿ," ಎಂದ.

ಮೂರನೆಯ ಸಲಕ್ಕೆ ಸಾಲಿನ ಹೆಂಗಸರಿಗೆ ತಡೆಯಲಾಗಲಿಲ್ಲ. "ಡಬ್ಬಿ ಡಾಕ್ಟ್ರೇ, ಎಷ್ಟು ಸಲ ಅಳೆದ್ರೂ ಅವಳು ಅಷ್ಟೇ ಇರ್ತಾಳೆ. ನಾವೂ ಮನೆಗೆ ಹೋಗ್ಬೇಕು."

ಗಂಜಿ ಕುಡಿದು ನಾಲ್ಕು ಮಾತ್ರೆ ನುಂಗಿದೆ. ಒಂದೊಂದೂ ಸೋಪಿನ ತುಂಡಿನ ಹಾಗೆ, ಕಹಿ ಬೇರೆ. ನುಂಗಿದವರನ್ನು ಒಂದು ಗಂಟೆ ಪಕ್ಕದಲ್ಲಿ ಕುಳಿತು ನೋಡಿಕೊಳ್ಳಬೇಕು, ನಿಯಮ, ಎಂದು ಅವನು ನನ್ನ ಪಕ್ಕ ಕುಳಿತ. ಬಬಿರ್ಯೆ ಅಕ್ಕ ಆಮೇಲೆ ಹೇಳಿದರು, ಅಂಥ ನಿಯಮವೇ ಇಲ್ಲವಂತೆ.

ಅತ್ತೆಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ನಮ್ಮಲ್ಲಿ ಹೆಣ್ಣು ಕೇಳುವವನು ಮೊದಲು ಬಂದು ನಿಲ್ಲಬೇಕಾದ್ದು ಸೋದರತ್ತೆಯ ಎದುರಿಗೇ. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿ, ಒಂದು ಕೋಳಿ ಹಿಡಿದುಕೊಂಡು ಬಂದು ನಿಂತ. ಅತ್ತೆ ಕೋಳಿಯನ್ನು ನೋಡಿದರು, ಅವನನ್ನು ನೋಡಿದರು.

"ನಮ್ಮನೆಯವರ ಹೊಟ್ಟೇಲಿ ಏನಿದೆ ಅಂತ ಎಲ್ಲಾ ನೋಡಿದೀಯ. ನಿನ್ನದು ನಾವು ನೋಡಿಲ್ಲ. ನೀನೂ ಒಂದು ಡಬ್ಬಿ ಕೊಡು. ಬಬಿರ್ಯೆ ಎಣಿಸ್ಲಿ. ಕಾಗದ ತಗೊಂಡು ಬಾ, ಆಮೇಲೆ ಮಾತು."

ನಾನು ಬಾಗಿಲ ಹಿಂದೆ ನಿಂತು ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡಿದ್ದೆ. ಆದರೆ ಅವನ ಮುಖದ ಬಣ್ಣ ಇಳಿದದ್ದು ನೋಡಿ ನಗು ನಿಂತುಹೋಯಿತು. ಕೋಳಿಯನ್ನು ಅಲ್ಲೇ ಬಿಟ್ಟು ಹೋದವನು ಒಂದು ವಾರ ಬರಲಿಲ್ಲ. ಪ್ರತಿ ಸೈಕಲ್ ಬೆಲ್ಲಿಗೂ ನಾನು ತಲೆಯೆತ್ತಿದೆ. ಎರಡು ಸಲ ಉಪ್ಪು ಹಾಕಿದ ಚಪಾತಿಯನ್ನು ಜನ ಏನೂ ಅನ್ನದೆ ತಿಂದರು, ದಡದವರಿಗೆಲ್ಲ ಗೊತ್ತಿತ್ತು.

ಎಂಟನೆಯ ದಿನ ಬಂದ. ಸೈಕಲ್ ಇಲ್ಲ, ನಡೆದು ಬಂದಿದ್ದ. ಕಾಗದವನ್ನು ಹಿಟ್ಟಿನ ಬಟ್ಟಲಿನ ಪಕ್ಕ ಇಟ್ಟ.

"ನಂಗೂ ಇದೆ," ಎಂದ.

"ಏನು?"

"ಹುಳು. ತುಂಬಾ ಇದೆ."

ನಾನು ಕಾಗದ ನೋಡಿದೆ, ಅವನನ್ನು ನೋಡಿದೆ. "ನೀರಿಗೆ ಇಳೀಬೇಡಿ, ಹುಳು ಸಾಯೋಕೆ ನೀರು ಒಂದು ದಿನ ಇಟ್ಟು ಸ್ನಾನ ಮಾಡಿ ಅಂತ ಮನೆಮನೆಗೆ ಹೇಳ್ಕೊಂಡು ತಿರುಗಿದವನು ನೀನು."

"ಹೌದು."

"ಮತ್ತೆ?"

ಅವನು ನನ್ನ ಕಡೆ ನೋಡದೆ ಬೆಂಚಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಹೇಳಿದ. "ಬೆಳಿಗ್ಗೆ ಡಬ್ಬಿ ತುಂಬ್ಕೊಂಡು ಬರ್ತಿದ್ನಲ್ಲ. ಮೈಯೆಲ್ಲ ವಾಸನೆ ಬರ್ತಿದೆ ಅನ್ಸೋದು. ಇಲ್ಲಿಗೆ ಬರೋ ಮುಂಚೆ ಆ ಕಲ್ಲುಬಂಡೆ ಹಿಂದೆ ನೀರಿಗಿಳಿದು ಸ್ನಾನ ಮಾಡ್ಕೊಂಡು ಬರ್ತಿದ್ದೆ."

"ದಿನಾನಾ?"

"ಐದು ತಿಂಗಳು. ಭಾನುವಾರ ಬಿಟ್ಟು."

"ಭಾನುವಾರ ಯಾಕೆ ಬಿಟ್ಟೆ?"

"ಭಾನುವಾರ ನಿನ್ನ ಅಂಗಡಿ ಇರಲ್ವಲ್ಲ."

ಹೆಂಚನ್ನು ಒಲೆಯಿಂದ ಕೆಳಗಿಳಿಸಿದೆ. ಬೈಯಬೇಕಾದ್ದು ಬಹಳ ಇತ್ತು. "ದಡ್ಡ" ಎಂಬುದೊಂದೇ ಬಾಯಿಗೆ ಬಂತು. ಹೌದು ಎಂದು ಅವನು ತಲೆಯಾಡಿಸಿದ. ನಾನು ಹಿಟ್ಟು ಮೆತ್ತಿದ ಕೈಯಲ್ಲೇ ಅವನ ಕೈ ಹಿಡಿದುಕೊಂಡು, ಇಡೀ ದಡದ ಎದುರಿಗೆ, ಅತ್ತೆಯ ಹತ್ತಿರ ಕರೆದುಕೊಂಡು ಹೋದೆ.