ಹಿಂಗಾಲು ಬೇಕಾಗಿದೆ

ರೆಕ್ಸಿನ್ ಮತ್ತು ರಬ್ಬರ್ ಅಂಟು ಬೆರೆತ ಆ ವಾಸನೆ ಮೂಗಿಗೆ ಬಡಿದರೆ ಸಾಕು, ಅವಳಿಗೆ ಈಗಲೂ ಏಳು ವರ್ಷ. ಅಪ್ಪ ಚಿತ್ರಮಂದಿರದ ಕುರ್ಚಿಗಳಿಗೆಲ್ಲ ಹೊಸ ಹೊದಿಕೆ ಹೊಲಿದುಕೊಟ್ಟ ವಾರವೇ ಅಲ್ಲಿ ಡೈನೋಸಾರ್ ಸಿನಿಮಾದ ಮೊದಲ ಭಾಗ ಬಂದಿತ್ತು. ಇನ್ನೂ ಆರದ ಅಂಟಿನ ವಾಸನೆಯ ನಡುವೆ, ಅಪ್ಪನ ತೊಡೆಯ ಮೇಲೆ ಕುಳಿತು, ಮೂರು ಕೊಂಬಿನ ದೊಡ್ಡ ಪ್ರಾಣಿಯೊಂದು ಉಸಿರಾಡುವುದನ್ನು ಅವಳು ರೆಪ್ಪೆ ಮಿಟುಕಿಸದೆ ನೋಡಿದ್ದಳು.

ಈಗ ಅವಳಿಗೆ ಮೂವತ್ತೆರಡು. ಅದೇ ವಾಸನೆಯ ನಡುವೆ, ಅಂಥದೇ ಒಂದು ಪ್ರಾಣಿಯ ಹೊಟ್ಟೆಯೊಳಗೆ, ತಲೆಕೆಳಗಾಗಿ ಸಿಕ್ಕಿಕೊಂಡಿದ್ದಳು!

"ಅಪ್ಪಾ... ಅಪ್ಪಾ!"

ಅಪ್ಪ ಟೀ ಕುಡಿಯಲು ಹೋಗಿದ್ದರು. ಹೊಲಿಗೆ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಅಷ್ಟರಲ್ಲಿ ಹೆಜ್ಜೆಯ ಸದ್ದು.

"ಅಲ್ಲಾಡಬೇಡಿ." ಗಂಡಸಿನ ದನಿ. ಅವಸರವಿಲ್ಲದ, ತಣ್ಣಗಿನ ದನಿ. "ಕುತ್ತಿಗೆ ನೋಯ್ತಿದೆಯಾ?"

"ಇಲ್ಲ..."

"ಕಾಲ್ಬೆರಳು ಅಲ್ಲಾಡಿಸಿ ನೋಡೋಣ."

"ರೀ, ನಂಗೇನೂ ಆಗಿಲ್ಲ! ಬೆತ್ತಕ್ಕೆ ಜಡೆ ಸಿಕ್ಕಾಕ್ಕೊಂಡಿದೆ, ಅಷ್ಟೇ!"

ಯಾರೋ ಬಗ್ಗಿದರು. ಎರಡು ಬೆರಳು ಬಲು ಹಗುರವಾಗಿ, ಒಂದು ಕೂದಲೂ ಎಳೆಯದಂತೆ ಜಡೆಯನ್ನು ಬಿಡಿಸಿದವು. ಅವಳು ತೆವಳಿಕೊಂಡು ಹೊರಗೆ ಬಂದಳು.

ಎದುರಿಗೆ ಎತ್ತರದ ಮನುಷ್ಯ. ಆಸ್ಪತ್ರೆಯ ನೀಲಿ ಅಂಗಿ. ಹೆಗಲ ಮೇಲೆ ಹರಿದ ಸ್ಟ್ರೆಚರ್ ಬಟ್ಟೆ, ಹೊಲಿಸಲು ತಂದಿದ್ದು. ಆದರೆ ಅವನು ನೋಡುತ್ತಿದ್ದುದು ಅವಳನ್ನಲ್ಲ. ಅವಳ ಹಿಂದಿದ್ದ ಹದಿಮೂರು ಅಡಿ ಉದ್ದದ ಪ್ರಾಣಿಯನ್ನು!

"ಎಡಗೊಂಬಿನ ತುದಿ ಓರೆಯಾಗಿ ಮುರಿದಿದೆ," ಎಂದ ಮೆಲ್ಲಗೆ.

"ಅದು ಮುರಿದಿಲ್ಲ. ಹಾಗೇ..."

"ಗೊತ್ತು ಮೇಡಂ. ಐದನೇ ಭಾಗದಲ್ಲಿ ಗೇಟಿಗೆ ಗುದ್ದಿದಾಗ ಆಗಿದ್ದಲ್ವಾ?"

ಒಂಬತ್ತು ವರ್ಷವಾಗಿತ್ತು, ಈ ಮಾತು ಇನ್ನೊಬ್ಬರ ಬಾಯಿಂದ ಕೇಳಿ.

ಐದನೇ ಭಾಗದ ಕೊನೆಯಲ್ಲಿ, ಮುರಿದ ಕೊಂಬಿನ ಆ ತಾಯಿ ಪ್ರಾಣಿ ಮಂಜಿನೊಳಗೆ ನಡೆದು ಮರೆಯಾಗಿತ್ತು. ಬದುಕಿತೋ ಸತ್ತಿತೋ ಯಾರಿಗೂ ಗೊತ್ತಿಲ್ಲ. ಅಂದು ಚಿತ್ರಮಂದಿರದ ಮೆಟ್ಟಿಲ ಮೇಲೆ ಅವಳು ಮತ್ತು ಹನ್ನೆರಡು ಗೆಳೆಯರು ಕಣ್ಣೀರು ಒರೆಸಿಕೊಳ್ಳುತ್ತಾ ಮಾತು ಕೊಟ್ಟುಕೊಂಡಿದ್ದರು. ಆರನೇ ಭಾಗ ಬರುವ ದಿನ ಆ ತಾಯಿ ಪ್ರಾಣಿಯನ್ನು ನಾವೇ ಮಾಡೋಣ, ಬೀದಿಯಲ್ಲಿ ನಡೆಸಿಕೊಂಡು ಇದೇ ಮೆಟ್ಟಿಲವರೆಗೆ ತರೋಣ ಎಂದು.

ಆರನೇ ಭಾಗ ಮೂರು ಸಲ ಮುಂದಕ್ಕೆ ಹೋಯಿತು. ಗೆಳೆಯರೂ ಒಬ್ಬೊಬ್ಬರಾಗಿ ದೂರವಾದರು. ಕೊನೆಗೂ ದಿನಾಂಕ ಗೊತ್ತಾದಾಗ ಅವಳು ಎಲ್ಲರಿಗೂ ಸಂದೇಶ ಕಳಿಸಿದಳು. ಬಂದ ಉತ್ತರ ಒಂದೇ: "ನೀನಿನ್ನೂ ಅಲ್ಲೇ ಇದ್ದೀಯಾ? ನಮಗೆ ಮಕ್ಕಳಾಗಿವೆ ಕಣೇ, ಡೈನೋಸಾರ್ ಅಲ್ಲ."

ಆ ದಿನವೇ ಅವಳು ಕತ್ತರಿ ಹಿಡಿದಳು. ಬೆತ್ತ ಬಗ್ಗಿಸಿ ಮೈಕಟ್ಟು ಮಾಡಿದಳು. ಅಂಗಡಿಯಲ್ಲಿ ಉಳಿದ ರೆಕ್ಸಿನ್ ಚೂರುಗಳಿಂದ ಚರ್ಮ ಹೊಲಿದಳು. ಮುಂಗಾಲು ತಾನೇ. ಹಿಂದಿನ ಎರಡು ಕಾಲಿಗೆ ಯಾರೂ ಸಿಗದೆ, ಅಂಗಡಿಯ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದಳು.

ಅವನು ಈಗ ಅದನ್ನೇ ಓದುತ್ತಿದ್ದ. "ಹಿಂಗಾಲು ಬೇಕಾಗಿದೆ. ಎತ್ತರ ಆರಡಿ. ಬಗ್ಗಿ ನಡೆಯುವ ಶಕ್ತಿ ಇರಬೇಕು. ಸಿಟ್ಟು ಬರಬಾರದು."

"ನನ್ನ ಎತ್ತರ ಆರಡಿ ಒಂದಿಂಚು," ಎಂದ. "ನಡೆಯುತ್ತಾ?"

*

ದಿನವೂ ಸಂಜೆ ಆರಕ್ಕೆ, ಅಂಗಡಿಯ ಹಿಂದಿನ ಅಂಗಳದಲ್ಲಿ ಅಭ್ಯಾಸ. ಉಳಿದಿದ್ದು ನಲವತ್ತಮೂರು ದಿನ.

ಬಿಡುವಿನಲ್ಲಿ ಇಬ್ಬರೂ ಟ್ರೇಲರನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದರು. ಐವತ್ತೆರಡನೇ ಸೆಕೆಂಡಿನಲ್ಲಿ ಕೆಸರಿನ ಮೇಲೊಂದು ಹೆಜ್ಜೆ ಗುರುತು...

"ಅವಳದೇ," ಎನ್ನುತ್ತಿದ್ದಳು ಇವಳು.

"ಗಂಡಿಂದೂ ಆಗಿರಬಹುದು."

"ಬಾಯಿ ಮುಚ್ಚಿ! ಅವಳದೇ!"

ಅವನು ನಕ್ಕು ಸುಮ್ಮನಾಗುತ್ತಿದ್ದ. ಆ ನಗು ತನಗೆ ಹಿಡಿಸುತ್ತಿದೆ ಎಂದು ಅವಳಿಗೆ ಗೊತ್ತಾಗಿತ್ತು. ಗೊತ್ತಾಗಿದ್ದಕ್ಕೇ ಅವಳು ಇನ್ನಷ್ಟು ಬಿಗಿಯಾಗುತ್ತಿದ್ದಳು. *ಮೊದಲು ಪ್ರಾಣಿ ನಡೆಯಬೇಕು. ಮಿಕ್ಕಿದ್ದೆಲ್ಲ ಆಮೇಲೆ!*

ಆದರೆ ಪ್ರಾಣಿ ನಡೆಯುತ್ತಿರಲಿಲ್ಲ.

"ಎಡ!" ಎಂದು ಅವಳು ಎಡಗಾಲು ಇಟ್ಟರೆ, ಹಿಂದೆ ಅವನದು ಬಲಗಾಲು ಏಳುತ್ತಿತ್ತು. ಅವಳು ಗಾಬರಿಯಿಂದ ಹೆಜ್ಜೆ ಬದಲಿಸುವಳು, ಇಬ್ಬರೂ ಮುಗ್ಗರಿಸುವರು. ಎಂದಾದರೂ ಅವನು ಕಷ್ಟಪಟ್ಟು ಎಡಗಾಲೇ ಇಟ್ಟರೆ ಇನ್ನೊಂದು ಪೀಕಲಾಟ: ಪ್ರಾಣಿಯ ಬೆನ್ನು ದಡಬಡ ಕುಣಿಯುತ್ತಿತ್ತು.

"ನನಗೇ ಗೊತ್ತಾಗಲ್ಲ ಮೇಡಂ. ಕಾಲು ತಾನಾಗೇ ಹಾಗೆ ಹೋಗುತ್ತೆ."

"ಜನ ನಗ್ತಾರೆ ಕಣ್ರೀ! ಚೀಲದೊಳಗೆ ಇಬ್ಬರು ಕುಣೀತಿದ್ದಾರೆ ಅಂತಾರೆ. ಅವರು ನಗೋದು ನನಗೆ ಬೇಡ. ಒಬ್ಬರಾದ್ರೂ... ಒಬ್ಬರೇ ಒಬ್ಬರಾದ್ರೂ ನಂಬಬೇಕು!"

ಹೊಲಿಗೆ ಯಂತ್ರದ ಮುಂದಿನಿಂದ ಅಪ್ಪ ಹೇಳಿದರು, "ಮಗಳೇ, ಚೀಟಿಯಲ್ಲಿ ಸಿಟ್ಟು ಬರಬಾರದು ಅಂತ ಬರೆದಿದ್ದು ಹಿಂಗಾಲಿಗೆ ಮಾತ್ರನಾ?"

"ಅಪ್ಪಾ, ನೀನು ಸುಮ್ನಿರು!"

ಏಳು ದಿನ ಉಳಿದಿದ್ದಾಗ ಆಸ್ಪತ್ರೆಯಿಂದ ಇನ್ನೊಬ್ಬ ಬಂದ. ಹಿಂಗಾಲಿನವನ ಜೊತೆ ಕೆಲಸ ಮಾಡುವವನು ಇವನು, ಸ್ಟ್ರೆಚರಿನ ಮುಂದಿನ ತುದಿ ಹೊರುವವನು. ಹೊಟ್ಟೆ ಮುಂದೆ, ಮಾತು ಅದಕ್ಕಿಂತ ಮುಂದೆ. ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುವುದು ದಪ್ಪಣ್ಣ ಎಂದೇ.

"ಹೊಲಿದಾಯ್ತಾ ತಾಯಿ ಸ್ಟ್ರೆಚರ್ ಬಟ್ಟೆಗಳನ್ನ? ಓ, ಇದೇನಾ ಆ ಪ್ರಾಣಿ!" ಎಂದು ಹೊಟ್ಟೆ ಕುಲುಕಿಸಿ ನಕ್ಕ. "ದಿನಾ ಊಟದ ಹೊತ್ತಿಗೆ ನಮಗೆ ಇದೇ ಕಥೆ. ನಕ್ಕು ನಕ್ಕು ಸಾಕಾಗುತ್ತೆ! ನಾವೀಗ ಅವನನ್ನ ಹಿಂಗಾಲು ಅಂತಾನೇ ಕರೆಯೋದು."

ಅವಳ ಕೈಯಲ್ಲಿದ್ದ ಸೂಜಿ ನಿಂತಿತು.

*ನಗ್ತಾರೆ... ದಿನಾ. ಹಾಗಾದರೆ ಇವನೂ ಅವರ ಹಾಗೇನಾ?*

ಅಂದು ಸಂಜೆ ಮೊದಲ ಹೆಜ್ಜೆಗೇ ಅವನ ಬಲಗಾಲು ಎದ್ದಿತು. ಅವಳು ಮುಗ್ಗರಿಸಿ ಮೊಣಕಾಲೂರಿ ಬಿದ್ದಳು. ಅವನು ಓಡಿಬಂದು ಕೈ ಚಾಚಿದ. ಅವಳು ಆ ಕೈ ಹಿಡಿಯಲಿಲ್ಲ.

"ಬೇಕು ಅಂತಾನೇ ಮಾಡ್ತಿದ್ದೀರಲ್ವಾ? ನಾಳೆ ಊಟಕ್ಕೆ ಹೊಸ ಕಥೆ ಸಿಕ್ತು!"

"ಏನು ಹೇಳ್ತಿದ್ದೀರಿ?"

"ನಿಮಗಿದು ತಮಾಷೆ. ನನಗೆ ಒಂಬತ್ತು ವರ್ಷ! ನಾಳೆಯಿಂದ ಬರಬೇಡಿ."

ಅವನು ಹಿಂಗಾಲಿನ ಚರ್ಮವನ್ನು ಬಿಚ್ಚಿ, ದೂಳು ಕೊಡವಿ, ಮಡಿಕೆ ಕೆಡದಂತೆ ಮಡಚಿ ಬೆಂಚಿನ ಮೇಲಿಟ್ಟ. ಆಮೇಲೆ ಹೊರಟುಹೋದ.

*

ಮರುದಿನ ಅವಳೊಬ್ಬಳೇ ಪ್ರಾಣಿಯ ತಲೆ ಹೊತ್ತಳು. ಭಾರದ ಬೆತ್ತ ಹೆಗಲ ಮೇಲೆ ಕೂರುವ ಜಾಗದಲ್ಲಿ ಏನೋ ಮೆತ್ತಗಿತ್ತು. ಹತ್ತಿಯ ದಿಂಡು. ಸುತ್ತಲೂ ಬಿಳಿ ಬ್ಯಾಂಡೇಜು, ಸುರುಳಿ ಸುರುಳಿಯಾಗಿ, ಒಂದರ ಮೇಲೊಂದು ಅರ್ಧರ್ಧ ಬರುವಂತೆ ಅಚ್ಚುಕಟ್ಟಾಗಿ.

ಮೊದಲೆಲ್ಲ ದಿನವೂ ನೋಯುತ್ತಿದ್ದ ಹೆಗಲು ಹದಿನೈದು ದಿನದಿಂದ ನೋಯುತ್ತಿರಲಿಲ್ಲ. ಏಕೆ ಎಂದು ಅವಳು ಯೋಚಿಸಿರಲೂ ಇಲ್ಲ.

"ಅಪ್ಪಾ, ಇದು ನೀನು ಕಟ್ಟಿದ್ದಾ?"

ಅಪ್ಪ ಕನ್ನಡಕ ಏರಿಸಿ ನೋಡಿದರು. "ನಾನು ದರ್ಜಿ ಕಣಮ್ಮ. ಇದು ಗಾಯಕ್ಕೆ ಕಟ್ಟಿ ಗೊತ್ತಿರೋರ ಕೈ."

ಅವಳಿಗೆ ಕೂರಲಾಗಲಿಲ್ಲ. ಹೊಲಿದಿಟ್ಟ ಇನ್ನೆರಡು ಸ್ಟ್ರೆಚರ್ ಬಟ್ಟೆಗಳನ್ನು ಎತ್ತಿಕೊಂಡು ತಾನೇ ಆಸ್ಪತ್ರೆಗೆ ನಡೆದಳು.

ಹಳೆಯ ಕಟ್ಟಡ. ಲಿಫ್ಟ್ ಇಲ್ಲ. ಮೇಲಿನ ಮಹಡಿಯಿಂದ ಇಬ್ಬರು ಒಬ್ಬ ಅಜ್ಜಿಯನ್ನು ಸ್ಟ್ರೆಚರಿನಲ್ಲಿ ಇಳಿಸಿಕೊಂಡು ಬಂದರು. ಮುಂದೆ ದಪ್ಪಣ್ಣ. ಹಿಂದೆ... ಅವನು. ಮೆಟ್ಟಿಲು ಮುಗಿದು ಉದ್ದನೆಯ ಮೊಗಸಾಲೆ ಶುರುವಾಯಿತು. ಅವನ ಕಣ್ಣು ಅಜ್ಜಿಯ ಮುಖದ ಮೇಲೇ ಇತ್ತು. ಅಜ್ಜಿ ನಿದ್ದೆ ಮಾಡುತ್ತಿದ್ದರು. ಸ್ಟ್ರೆಚರು ನೀರಿನ ಮೇಲೆ ತೇಲಿದಂತೆ ಬರುತ್ತಿತ್ತು.

ಅವಳ ನೋಟ ಅವರ ಕಾಲಿಗೆ ಬಿತ್ತು.

ದಪ್ಪಣ್ಣನದು ಎಡ. ಅವನದು ಬಲ. ದಪ್ಪಣ್ಣನದು ಬಲ. ಅವನದು ಎಡ...

ಅವಳು ಇಷ್ಟು ದಿನ ತಪ್ಪು ಎಂದದ್ದು ಇದೇ ಹೆಜ್ಜೆಯನ್ನು.

ಅಜ್ಜಿಯನ್ನು ಮಂಚಕ್ಕೆ ಸೇರಿಸಿ ಮೊದಲು ಹೊರಬಂದ ದಪ್ಪಣ್ಣನನ್ನು ಅವಳು ತಡೆದಳು. "ಅಣ್ಣಾ, ನೀವಿಬ್ಬರೂ ಯಾಕೆ ಬೇರೆ ಬೇರೆ ಕಾಲು ಹಾಕ್ತೀರಿ?"

"ಒಂದೇ ಕಾಲು ಹಾಕಿದ್ರೆ ಸ್ಟ್ರೆಚರು ಕುಣಿಯುತ್ತೆ ತಾಯಿ. ಮಲಗಿರೋರಿಗೆ ನೋವು. ಕೆಲಸಕ್ಕೆ ಸೇರಿದ ಮೊದಲ ದಿನವೇ ಇದನ್ನ ಕಲಿಸ್ತಾರೆ. ಆಮೇಲೆ ಕಾಲು ಮರೆಯಲ್ಲ. ಅವನು ಹನ್ನೊಂದು ವರ್ಷದಿಂದ ನನ್ನ ಹಿಂದೆ ನಡೀತಿದ್ದಾನೆ."

"ಮತ್ತೆ... ದಿನಾ ನಗ್ತಿದ್ದಿದ್ದು?"

"ಅವನನ್ನ ನೋಡಿ ನಗ್ತಿದ್ವಿ! 'ಅವರ ಕೈಯಲ್ಲಿ ಆ ಪ್ರಾಣಿಗೆ ಜೀವ ಬಂದಿದೆ, ನನ್ನ ಕಾಲಿಂದ ಸಾಯ್ತಿದೆ' ಅಂತ ಊಟ ಬಿಟ್ಟು ಈ ಮೊಗಸಾಲೆ ತುಂಬಾ ಒಬ್ಬನೇ ಎಡ-ಬಲ ಅಂತ ಓಡಾಡ್ತಿದ್ದ. ನಗದೆ ಇನ್ನೇನು ಮಾಡೋದು ಹೇಳಿ!"

ಅವಳ ಕಣ್ಣು ಮಂಜಾಯಿತು. ಬಾಗಿಲಲ್ಲಿ ಅವನು ನಿಂತಿದ್ದ.

"ತಪ್ಪು ನಿಮ್ಮ ಕಾಲಿಂದಲ್ಲ," ಎಂದಳು ನೇರವಾಗಿ. "ನಂದು. ಕೇಳದೆಯೇ ಬೈದೆ. ಕ್ಷಮಿಸಿ..."

"ಅದಿರಲಿ ಮೇಡಂ. ಎಷ್ಟು ದಿನ ಉಳಿದಿದೆ?"

"ಆರು."

"ಹಾಗಾದ್ರೆ ಸಂಜೆ ಆರಕ್ಕೆ ಬರ್ತೀನಿ."

ಅಂದು ಸಂಜೆ ಅವಳು ಎಡ ಎಂದು ಕೂಗಲಿಲ್ಲ. ಸುಮ್ಮನೆ ಹೆಜ್ಜೆ ಇಟ್ಟಳು. ಹಿಂದೆ ಅವನ ಕಾಲು ತನಗೆ ತಿಳಿದಂತೆ ಎದ್ದಿತು. ಬೆನ್ನು ಕುಣಿಯಲಿಲ್ಲ. ಹೊಟ್ಟೆ ಮಾತ್ರ ಮೆಲ್ಲಗೆ ಅತ್ತಿತ್ತ ತೂಗಿತು, ನಿಜವಾದ ಭಾರದ ಪ್ರಾಣಿಯ ಹಾಗೆ. ಅಪ್ಪ ಯಂತ್ರ ನಿಲ್ಲಿಸಿ ಎದ್ದು ನಿಂತರು.

*

ಬಿಡುಗಡೆಯ ದಿನ, ಬೆಳಿಗ್ಗೆ ಎಂಟೂವರೆ. ಮೊದಲ ಆಟ ಹತ್ತಕ್ಕೆ.

ಬೀದಿ ಗದ್ದಲದಿಂದ ತುಂಬಿತ್ತು. ಒಳಗೆ ಕತ್ತಲೆ, ಸೆಕೆ, ಅಂಟಿನ ವಾಸನೆ. ತಲೆಯ ಸಣ್ಣ ಕಿಂಡಿಯಿಂದ ಅವಳು ದಾರಿ ನೋಡುತ್ತಿದ್ದಳು. ಮೊದಮೊದಲು ಯಾರೋ ಸಿಳ್ಳೆ ಹಾಕಿದರು. ಯಾರೋ ನಕ್ಕರು. ಅವಳು ಹಲ್ಲು ಕಚ್ಚಿ ಮುಂದೆ ನಡೆದಳು.

"ಹೆದರಿಕೆ ಆಗ್ತಿದೆಯಾ?" ಹಿಂದಿನಿಂದ ಪಿಸುದನಿ.

"ಇಲ್ಲ. ನಿಮಗೇನಾದ್ರೂ ಕಾಣ್ತಿದೆಯಾ?"

"ನಿಮ್ಮ ಹಿಮ್ಮಡಿ ಕಾಣುತ್ತೆ. ಇಷ್ಟು ದಿನ ನೋಡಿದ್ದು ಅದನ್ನೇ ತಾನೇ? ಇನ್ನು ಎಲ್ಲಿ ನೋಡಿದ್ರೂ ಗುರುತು ಹಿಡೀತೀನಿ."

ಅವಳ ಕಿವಿ ಬಿಸಿಯಾಯಿತು. "ಮಾತಾಡಬೇಡಿ... ಪ್ರಾಣಿ ಮಾತಾಡಲ್ಲ!"

ತಿರುವಿನಲ್ಲಿ ತರಕಾರಿ ಚೀಲ ಹಿಡಿದ ಮುದುಕಿಯೊಬ್ಬರು ದಾರಿಗೆ ಅಡ್ಡ ನಿಂತಿದ್ದರು. ಪ್ರಾಣಿ ನಿಂತಿತು. ತಲೆ ತಗ್ಗಿಸಿತು. ಮುದುಕಿ ಅದರ ಮುರಿದ ಕೊಂಬನ್ನು ನೋಡಿದರು. ಗೋಡೆಯ ಕಡೆಗೆ ಸರಿದು, ಚೀಲವನ್ನೂ ಎಳೆದುಕೊಂಡು ದಾರಿ ಬಿಟ್ಟರು.

"ಹೋಗಮ್ಮ," ಎಂದರು. "ನಿಧಾನಕ್ಕೆ ಹೋಗು. ಪಾಪ, ತುಂಬಾ ದೂರದಿಂದ ಬಂದ ಹಾಗಿದೆ."

ನಂಬಿದರು! ಒಬ್ಬರು... ಒಬ್ಬರು ನಂಬಿದರು!

ಕತ್ತಲೆಯಲ್ಲಿ ಅವಳು ಅಳುತ್ತಾ ನಡೆದಳು. ಚಿತ್ರಮಂದಿರದ ಮುಂದಿನ ಸರದಿ ಸಾಲು ನಗಲಿಲ್ಲ. ಸಾಲಿಗೆ ಸಾಲೇ ಮಾತು ನಿಲ್ಲಿಸಿ ಎರಡಾಗಿ ಸೀಳಿ ದಾರಿ ಕೊಟ್ಟಿತು. ಪ್ರಾಣಿ ಮೆಟ್ಟಿಲನ್ನು ಮುಟ್ಟಿತು. ಆಮೇಲೆ ಎದ್ದ ಚಪ್ಪಾಳೆ ಎಷ್ಟು ಹೊತ್ತಾದರೂ ನಿಲ್ಲಲಿಲ್ಲ.

ಅವಳು ಹೊರಬಂದು ಎರಡು ಟಿಕೆಟ್ ತೆಗೆದಳು. ಅವನು ಆಗಲೇ ನೀಲಿ ಅಂಗಿ ತೊಡುತ್ತಿದ್ದ.

"ಎಲ್ಲಿಗೆ?"

"ಪಾಳಿಗೆ. ನೀವು ಬರಬೇಡಿ ಅಂದ ದಿನ, ಸಿನಿಮಾ ನೋಡೋದೇ ಬೇಡ ಅನ್ನಿಸಿ, ಇವತ್ತಿನ ದಿನಕ್ಕೆ ಹೆಸರು ಕೊಟ್ಟುಬಿಟ್ಟಿದ್ದೆ. ಹತ್ತರವರೆಗೆ ದಪ್ಪಣ್ಣ ಹೇಗೋ ಸಂಭಾಳಿಸ್ತಿದ್ದಾನೆ." ಅವನು ನಗಲು ನೋಡಿದ. "ನೀವು ನೋಡಿ ಬನ್ನಿ. ಆದ್ರೆ ಅವಳು ಬದುಕಿದ್ದಾಳಾ ಅಂತ ಮಾತ್ರ ಹೇಳಬೇಡಿ... ದಮ್ಮಯ್ಯ!"

ಅವನು ಓಡಿದ. ಒಳಗೆ ಗಂಟೆ ಬಾರಿಸಿತು. ಒಂಬತ್ತು ವರ್ಷ ಕಾದ ಬಾಗಿಲು ಅವಳೆದುರು ತೆರೆದಿತ್ತು.

ಅವಳು ಬಾಗಿಲಿಗೆ ಬೆನ್ನು ಹಾಕಿ ಟಿಕೆಟ್ ಕಿಟಕಿಗೆ ಹೋದಳು. "ಇವೆರಡನ್ನೂ ಸಂಜೆ ಆರೂವರೆ ಆಟಕ್ಕೆ ಬದಲಾಯಿಸಿ ಕೊಡ್ತೀರಾ?"

*

ಆ ದಿನದಷ್ಟು ಉದ್ದದ ದಿನವನ್ನು ಅವಳು ಕಂಡಿರಲಿಲ್ಲ. ಫೋನ್ ಆರಿಸಿದಳು. ಕಿವಿಗೆ ಹತ್ತಿ ತುರುಕಿಕೊಂಡಳು. ಮಧ್ಯಾಹ್ನ ಒಬ್ಬ ಗಿರಾಕಿ ಹಿಗ್ಗಿನಿಂದ ನುಗ್ಗಿ ಬಂದ. "ಮೇಡಂ, ಕೊನೆಗೆ ಆ ಮೂರು ಕೊಂಬಿಂದು..."

ಅಪ್ಪ ಯಂತ್ರದ ಪೆಡಲನ್ನು ಒಂದೇ ಸಮನೆ ತುಳಿದರು. ಗಡಗಡ ಸದ್ದಿನಲ್ಲಿ ಅವನ ಮಾತು ಮುಳುಗಿಹೋಯಿತು. ಯಂತ್ರದಲ್ಲಿ ಬಟ್ಟೆಯೇ ಇರಲಿಲ್ಲ!

ಐದೂಮುಕ್ಕಾಲಿಗೆ ಅವನು ಏದುಸಿರು ಬಿಡುತ್ತಾ ಬಂದ.

"ಹೇಗಿತ್ತು? ಅವಳು... ಬೇಡ ಬೇಡ, ಹೇಳಬೇಡಿ!"

ಅವಳು ಕಿವಿಯ ಹತ್ತಿ ತೆಗೆದಳು. "ನನಗೆ ಗೊತ್ತಿಲ್ಲ."

"ಅಂದ್ರೆ?"

"ನೋಡಿಲ್ಲ."

ಅಭಿಮಾನಿಯಾದವನಿಗೆ ಮಾತ್ರ ಗೊತ್ತು, ಆ ಮಾತಿನ ಭಾರ.

"ಒಂಬತ್ತು ವರ್ಷ ಕಾದಿದ್ರಿ..." ಎಂದ ಅವನು.

"ಒಬ್ಬಳೇ ಕಾದಿದ್ದೆ. ಇನ್ನು ಒಬ್ಬಳೇ ನೋಡೋಕೆ ಮನಸ್ಸಿಲ್ಲ." ಅವಳು ಅವನ ಕಣ್ಣನ್ನೇ ನೋಡಿದಳು. "ಇದೊಂದು ಸಿನಿಮಾ ಮಾತ್ರ ಅಲ್ಲ. ಮುಂದಿನದೂ. ಅದು ಎಷ್ಟು ವರ್ಷ ತಡವಾದ್ರೂ ಸರಿ. ನಿನಗೆ... ಒಪ್ಪಿಗೆನಾ?"

'ನಿನಗೆ' ಎಂದದ್ದು ಅವನಿಗೆ ಕೇಳಿಸಿತು.

"ಜಡೆ ಬಿಡಿಸಿದ ದಿನವೇ ಒಪ್ಪಿಗೆ ಇತ್ತು," ಎಂದ. "ಕೇಳೋಕೆ ಧೈರ್ಯ ಇರಲಿಲ್ಲ ಮೇಡಂ."

"ಇನ್ನೂ ಮೇಡಮ್ಮಾ?"

"ಅಭ್ಯಾಸ. ಬಿಡೋಕೆ ನಲವತ್ತಮೂರು ದಿನ ಕೊಡು."

ಅವಳು ನಕ್ಕಳು. ಅಳುವೂ ಬಂತು. ಎರಡನ್ನೂ ತಡೆಯಲಿಲ್ಲ.

ಒಳಗಿನಿಂದ ಅಪ್ಪ ಬಂದರು. ಮಗಳ ಮುಖ ನೋಡಲಿಲ್ಲ. ಬೆಳಗಿನಿಂದ ಏನೂ ತಿಂದಿರದವನ ಮುಖವನ್ನು ಒಮ್ಮೆ ನೋಡಿದರು, ಅಷ್ಟೇ. ಕೈಯಲ್ಲಿದ್ದ ಊಟದ ಡಬ್ಬಿ ಇನ್ನೂ ಬಿಸಿಯಾಗಿತ್ತು. ಮೇಲೆ ಎರಡು ಚಮಚ ಇಟ್ಟು ಬಟ್ಟೆ ಕಟ್ಟಿದ್ದರು. ಅದನ್ನು ಅವನ ಎರಡೂ ಕೈಯೊಳಗೆ ಇಟ್ಟು, ಯಂತ್ರದ ಕಡೆಗೆ ತಿರುಗಿದರು.